ಬೀಗ ಹಾಕಿದ ದೊಡ್ಡಮನೆ: ಗೋವಾದ ಪಾಳು ಬಂಗಲೆ ನೋಡಲು, ಅದರ ಚರಿತ್ರೆ ಹುಡುಕಲು ಒಂದು ಸಮಗ್ರ ಮಾರ್ಗದರ್ಶಿ

ಮಡಗಾಂವ್‌ನಿಂದ ಯಾವ ಹಳ್ಳಿ ಕಡೆ ಹೊರಟರೂ ಅಂಥದ್ದೊಂದು ಮನೆ ಸಿಕ್ಕೇ ಸಿಗುತ್ತದೆ. ಗೇಟಿನ ಕಂಬದ ಮೇಲೆ ಎರಡು ಸಿಂಹ. ಮುಂದೆ ಐದಾರು ಮೆಟ್ಟಿಲು, ಎರಡೂ ಕಡೆ ಕಲ್ಲಿನ ಕಟ್ಟೆ. ಮಾಡಿನ ಮೇಲೆ ಹುಲ್ಲು. ಗೋಡೆ ಸೀಳಿಕೊಂಡು ಬಂದ ಅರಳಿ ಗಿಡ. ಬಾಗಿಲಿಗೆ ತುಕ್ಕು ಹಿಡಿದ ಬೀಗ.

ನಮ್ಮವರು ಇದಕ್ಕೆ 'ಪೋರ್ಚುಗೀಸರ ಬಂಗಲೆ' ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಾನು ಹುಟ್ಟಿದ್ದು ಬಾದಾಮಿ ತಾಲೂಕಿನಲ್ಲಿ, ಬೆಳೆದದ್ದು ಮಡಗಾಂವ್‌ನಲ್ಲಿ. ಅಪ್ಪ ಗಾರೆ ಕೆಲಸಕ್ಕೆ ಇಲ್ಲಿಗೆ ಬಂದವರು. ಮಳೆಗಾಲಕ್ಕೆ ಮುಂಚೆ ಇಂಥ ಮನೆಗಳ ಹೆಂಚು ತಿರುವಿ ಹಾಕುವ ಕೆಲಸ ಅವರಿಗೆ ಸಿಗುತ್ತಿತ್ತು. ಶಾಲೆಗೆ ರಜೆ ಇದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ದಿನ ಮಾಡಿನಿಂದ ಒಂದು ಹೆಂಚು ಇಳಿಸಿ ಕೈಗೆ ಕೊಟ್ಟು, "ಹಿಂದ ಏನ್ ಬರದೈತಿ ಓದಪಾ" ಅಂದರು. ಇಂಗ್ಲಿಷ್ ಅಕ್ಷರದಲ್ಲಿ ಮಂಗಳೂರು ಅಂತ ಅಚ್ಚೊತ್ತಿತ್ತು. ಪರದೇಶದ್ದು ಅಂದುಕೊಂಡಿದ್ದ ಮನೆಯ ತಲೆ ಮೇಲೆ ನಮ್ಮ ಕಡೆಯ ಮಣ್ಣು ಕೂತಿತ್ತು.

ಆ ದಿನದಿಂದ ಈ ಮನೆಗಳ ಹಿಂದೆ ಬಿದ್ದಿದ್ದೇನೆ. ಇಂಥ ಮನೆಗಳಲ್ಲಿ ಹೆಚ್ಚಿನವನ್ನು ಕಟ್ಟಿಸಿದವರು ಗೋವಾದ ಊರಿನ ಮನೆತನಗಳೇ, ಪೋರ್ಚುಗೀಸರಲ್ಲ. ಬೀಗ ಹಾಕಿದೆ ಅಂದ ಮಾತ್ರಕ್ಕೆ ಮನೆಗೆ ಯಾರೂ ಇಲ್ಲ ಅಂತಲೂ ಅಲ್ಲ. ಮೊದಲು ಮನೆಯವರನ್ನು ಹುಡುಕಬೇಕು, ಆಮೇಲೆ ಮನೆ. ಈ ಕ್ರಮ ತಪ್ಪಿದರೆ ಕೈಗೆ ಸಿಗುವುದು ನಾಲ್ಕು ಫೋಟೊ ಮಾತ್ರ.

1. ಮೊದಲು ತೆರೆದಿರುವ ಮನೆಗಳನ್ನು ನೋಡಿ

ಪಾಳು ಮನೆಯಲ್ಲಿ ಅರ್ಧ ಬಿದ್ದಿರುತ್ತದೆ. ಪೂರ್ತಿ ಮನೆ ಹೇಗಿರುತ್ತದೆ ಅಂತ ಗೊತ್ತಿಲ್ಲದಿದ್ದರೆ ಬಿದ್ದದ್ದು ಏನು ಅಂತಲೂ ಗೊತ್ತಾಗುವುದಿಲ್ಲ. ಅದಕ್ಕೇ ಒಂದು ತಿಂಗಳು ಕಣ್ಣಿಗೆ ಅಭ್ಯಾಸ ಮಾಡಿಸಿ.

ಶುರು ಮಾಡಲು ಚಾಂದರ್ ಒಳ್ಳೆಯ ಜಾಗ. ಇಲ್ಲಿನ ಬ್ರಗಾಂಜಾ ಮನೆ ಉದ್ದಕ್ಕೂ ಕಿಟಕಿಗಳಿರುವ ದೊಡ್ಡ ಮನೆ. ಒಂದೇ ಮನೆತನದ ಎರಡು ಕವಲುಗಳು ಅದನ್ನು ನಡುವೆ ಹಂಚಿಕೊಂಡಿವೆ. ಎರಡೂ ಭಾಗವನ್ನು ಮನೆಯವರೇ ತೋರಿಸುತ್ತಾರೆ. ಗೋವಾದ ಸ್ವಾತಂತ್ರ್ಯಕ್ಕಾಗಿ ಬರೆದ ಪತ್ರಕರ್ತ ಲೂಯಿಸ್ ದ ಮೆನೆಜಿಸ್ ಬ್ರಗಾಂಜಾ ಈ ಮನೆತನದವರು. ಪಾಲಾದ ಮನೆ ಹೇಗೆ ಬದುಕುತ್ತದೆ ಅಂತ ಅರ್ಥವಾಗಲು ಇದಕ್ಕಿಂತ ಒಳ್ಳೆ ಪಾಠ ಬೇರೆ ಇಲ್ಲ.

ಚಾಂದರ್‌ಗೆ ಹೋದ ಕನ್ನಡಿಗರು ಇನ್ನೊಂದು ಕೆಲಸ ಮಾಡಲೇಬೇಕು. ಈ ಊರೇ ಹಳೆಯ ಚಂದ್ರಪುರ, ಗೋವಾ ಕದಂಬರ ಮೊದಲ ರಾಜಧಾನಿ. ಹಳೆ ಕೋಟೆಯ ಜಾಗದಲ್ಲಿ ಗುಡಿಯೊಂದರ ಅಡಿಪಾಯ ಮತ್ತು ತಲೆಯಿಲ್ಲದ ನಂದಿ ಇದೆ. ಅದರ ಮುಂದೆ ಹತ್ತು ನಿಮಿಷ ನಿಂತು ಆಮೇಲೆ ಬಂಗಲೆಗೆ ಹೋಗಿ. ಒಂದು ಊರಿನಲ್ಲಿ ಎಷ್ಟು ಪದರ ಇರುತ್ತದೆ ಅಂತ ಕಾಲಿಗೇ ತಿಳಿಯುತ್ತದೆ.

ದಕ್ಷಿಣ ಗೋವಾದ ಕೇಪೆಯಲ್ಲಿ (ಕ್ವೆಪೆಂ) 1787ರ 'ಪಲಾಸಿಯೊ ದು ದೆಯಾಂವ್', ಅಂದರೆ ಡೀನ್ ಪಾದ್ರಿಯ ಅರಮನೆ ಇದೆ. ಹಾಳು ಬಿದ್ದಿದ್ದ ಮನೆಯನ್ನು ಜೋಪಾನವಾಗಿ ರಿಪೇರಿ ಮಾಡಿದ್ದಾರೆ. ಮೊದಲೇ ಫೋನ್ ಮಾಡಿ ಹೋಗಿ. ಲೊಟ್ಲಿಯಲ್ಲೂ ನೋಡಲು ಬಿಡುವ ಹಳೆ ಮನೆಗಳಿವೆ. ಪರ್ವರಿ ಹತ್ತಿರದ ತೊರ್ಡಾದಲ್ಲಿ ಗೋವಾದ ಮನೆಗಳ ಬಗ್ಗೆಯೇ ಒಂದು ಮ್ಯೂಸಿಯಂ ಇದೆ. ಕಿಟಕಿ, ಬಾಗಿಲು, ಕಂಬಗಳ ಬಗೆಗಳು ಒಂದೇ ಕಡೆ ನೋಡಲು ಸಿಗುತ್ತವೆ.

2. ಮನೆ ಯಾಕೆ ಖಾಲಿ ಬಿತ್ತು ಅನ್ನುವುದು ತಿಳಿದಿರಲಿ

ಇದು ಗೊತ್ತಿಲ್ಲದೆ ಊರಿನವರ ಹತ್ತಿರ ಮಾತಾಡಲು ಹೋಗಬೇಡಿ. ಎಲ್ಲಿ ಗಾಯ ಇದೆ ಅಂತ ಗೊತ್ತಿರಬೇಕು.

ಗೋವಾದಲ್ಲಿ ಆಸ್ತಿ ಹಂಚಿಕೆಗೆ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ಆಧಾರ. ಅದು ಇಲ್ಲಿ 1870ರಿಂದ ಜಾರಿಯಲ್ಲಿದೆ. ಈಗ ಅದರ ಕೆಲವು ಭಾಗದ ಜಾಗಕ್ಕೆ ಗೋವಾದ್ದೇ ಹೊಸ ಕಾನೂನು ಬಂದಿದ್ದರೂ ಮೂಲ ತತ್ವ ಹಾಗೇ ಉಳಿದಿದೆ. ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಸಮಪಾಲು. ಅರ್ಧ ಆಸ್ತಿಯನ್ನು ಉಯಿಲು ಬರೆದು ಮಕ್ಕಳಿಂದ ತಪ್ಪಿಸುವ ಹಾಗೇ ಇಲ್ಲ. ಬೇರೆ ಒಪ್ಪಂದ ಮಾಡಿಕೊಂಡಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರದೂ ಒಂದೇ ಆಸ್ತಿ. ಇದು ನ್ಯಾಯವಾದ ಕಾನೂನು, ಮುಖ್ಯವಾಗಿ ಹೆಣ್ಣುಮಕ್ಕಳಿಗೆ. ಆದರೆ ಲೆಕ್ಕ ಹಾಕಿ ನೋಡಿ. ಅಜ್ಜನಿಗೆ ಆರು ಮಕ್ಕಳು, ಅವರಿಗೆ ನಾಲ್ಕು ನಾಲ್ಕು ಮಕ್ಕಳು. ಒಟ್ಟು 24 ಮೊಮ್ಮಕ್ಕಳು. ಮದುವೆಯಾದವರ ಗಂಡ ಅಥವಾ ಹೆಂಡತಿ ಸೇರಿದರೆ 48 ಸಹಿ. ಒಬ್ಬರು ಲಿಸ್ಬನ್‌ನಲ್ಲಿ, ಒಬ್ಬರು ನೈರೋಬಿಯಲ್ಲಿ, ಒಬ್ಬರು ದುಬೈಯಲ್ಲಿ. ಹೆಂಚು ಯಾರು ಹಾಕಿಸಬೇಕು?

ಇನ್ನೊಂದು ಕಾರಣ ಭೂಮಿ. ಈ ಮನೆಗಳನ್ನು ಸಾಕುತ್ತಿದ್ದದ್ದು ಗದ್ದೆ, ತೆಂಗಿನ ತೋಟ. ಭೂಮಾಲೀಕನಿಗೆ ಇಲ್ಲಿ ಭಾಟ್‌ಕಾರ್ ಅನ್ನುತ್ತಾರೆ. ಅವನ ಜಾಗದಲ್ಲಿ ಮನೆ ಕಟ್ಟಿಕೊಂಡು ತೋಟ ನೋಡಿಕೊಳ್ಳುತ್ತಿದ್ದವನು ಮುಂಡ್‌ಕಾರ್. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. 1964ರಲ್ಲಿ ಗೇಣಿ ಕಾನೂನು ಬಂತು. ಮುಂದೆ ಅದರ ತಿದ್ದುಪಡಿಯಿಂದ ಉಳುವವನಿಗೆ ಭೂಮಿ ಸಿಕ್ಕಿತು. 1975ರ ಕಾನೂನು ಮುಂಡ್‌ಕಾರರಿಗೆ ಒಕ್ಕಲೆಬ್ಬಿಸುವುದರಿಂದ ರಕ್ಷಣೆ ಕೊಟ್ಟಿತು. ಉಳುವವರ ಮನೆಯಿಂದ ಬಂದ ನನಗೆ ಇದು ಸರಿ ಅನ್ನಿಸುತ್ತದೆ. ದೊಡ್ಡಮನೆಯ ಆದಾಯ ನಿಂತದ್ದೂ ಅಷ್ಟೇ ನಿಜ. ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಕಾಂಪೌಂಡಿನ ಮೂಲೆಯ ಸಣ್ಣ ಮನೆಯ ಬಾಗಿಲು ತಟ್ಟಿ. ಅಲ್ಲಿರುವವರು ಅತಿಕ್ರಮಣ ಮಾಡಿದವರಲ್ಲ. ಎಷ್ಟೋ ಸಲ ದೊಡ್ಡಮನೆಯ ಕಥೆ ಜಾಸ್ತಿ ಗೊತ್ತಿರುವುದು ಅವರಿಗೇ.

3. ರಸ್ತೆಯಿಂದಲೇ ಮೂರು ಸಲ ನೋಡಿ

ಒಂದು ಮನೆ ಆರಿಸಿಕೊಳ್ಳಿ. ಒಂದೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರ ಚರ್ಚ್ ಬಿಡುವ ಹೊತ್ತಿಗೆ ಒಮ್ಮೆ ಹೋಗಿ. ಗೇಟಿನ ಹತ್ತಿರ ಹುಲ್ಲು ತುಳಿದ ದಾರಿ ಇದೆಯಾ? ಅಂಗಳದ ತೆಂಗಿನಕಾಯಿ ಯಾರಾದರೂ ಇಳಿಸಿದ್ದಾರಾ? ಮುಂದಿನ ಶಿಲುಬೆಗೆ ಹೂವು ಇಟ್ಟಿದ್ದಾರಾ, ತುಳಸಿ ಕಟ್ಟೆಗೆ ನೀರು ಬಿದ್ದಿದೆಯಾ? ಇದ್ದರೆ ಬೀಗದ ಕೀಲಿ ಊರಲ್ಲೇ ಇದೆ ಅಂತ ಅರ್ಥ.

4. ಪಕ್ಕದ ಮನೆಯಿಂದ ಶುರು ಮಾಡಿ

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಇಪ್ಪತ್ತೊಂದನೇ ವಯಸ್ಸಿನಲ್ಲಿ, ಮಡಗಾಂವ್ ಇರುವ ಸಾಷ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ, ಯಾರನ್ನೂ ಕೇಳದೆ ಮುರಿದ ಕಿಟಕಿಯಿಂದ ಒಳಗೆ ಇಳಿದೆ. ಮಹಡಿಯಲ್ಲಿ ಹಲಗೆ ಮುರಿದು ಒಂದು ಕಾಲು ತೊಡೆತನಕ ಕೆಳಗೆ ಹೋಯಿತು. ಕೂಗಿದೆ. ಪಕ್ಕದ ಮನೆಯ ವಯಸ್ಸಾದ ಹೆಂಗಸು ಮಗನನ್ನು ಕರೆದುಕೊಂಡು ಬಂದರು. ಮಗ ಬೈದ. ಅವರು ಒಂದೂ ಮಾತಾಡದೆ ಗಾಯಕ್ಕೆ ನೀರು ಹಾಕಿದರು. ಆ ಮನೆಯ ಕೀಲಿ ಮೊದಲಿಂದ ಅವರ ಹತ್ತಿರವೇ ಇತ್ತು. ಕೇಳಿದ್ದರೆ ಕೊಡುತ್ತಿದ್ದರಂತೆ. ಆಮೇಲೆ ಎರಡು ವರ್ಷ ನನಗೆ ಆ ಗೇಟು ತೆರೆಯಲಿಲ್ಲ.

ಈಗ ಹೀಗೆ ಮಾಡುತ್ತೇನೆ. ಹಗಲು ಹೊತ್ತಿನಲ್ಲಿ, ಒಬ್ಬನೇ ಅಥವಾ ಇಬ್ಬರು, ಕ್ಯಾಮೆರಾ ಚೀಲದಲ್ಲೇ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಯಾರ ಬಾಗಿಲೂ ತಟ್ಟುವುದಿಲ್ಲ, ಅದು ಮಲಗುವ ಹೊತ್ತು. ಹೊರಗಿನ ಕಟ್ಟೆಯ ಹತ್ತಿರ ನಿಂತು ಕೂಗುತ್ತೇನೆ. ಈ ಕಟ್ಟೆ ಇರುವ ಮುಂಬದಿಗೆ ಇಲ್ಲಿ ಬಲ್ಕಾಂವ್ ಅನ್ನುತ್ತಾರೆ, ನಮ್ಮ ಜಗಲಿಯ ಹಾಗೆ. "ಹೆಂ ಘರ್ ಕೊಣಾಚೆಂ?" ಅಂದರೆ ಈ ಮನೆ ಯಾರದು ಅಂತ. ಕೊಂಕಣಿ ತಪ್ಪು ತಪ್ಪಾಗಿ ಬಂದರೂ ಪರವಾಗಿಲ್ಲ, ಹಿಂದಿಗಿಂತ ಮೊದಲು ಕೊಂಕಣಿಯಲ್ಲಿ ಒಂದು ಮಾತು ಆಡಿ. ಕಾರವಾರ ಕಡೆಯವರಿಗೆ ಇದು ಸುಲಭ. ವಯಸ್ಸಾದವರನ್ನು ಅಂಕಲ್, ಆಂಟಿ ಅಂದರೆ ಸಾಕು. ಹೊರಡುವಾಗ "ದೇವ್ ಬರೆಂ ಕರೂಂ" ಅನ್ನಿ, ದೇವರು ಒಳ್ಳೇದು ಮಾಡಲಿ ಅಂತ, ಇಲ್ಲಿನ ಥ್ಯಾಂಕ್ಸ್.

ನಾನು ಯಾರು, ಯಾವ ಊರು, ಏನು ಕೆಲಸ ಅಂತ ಅವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕನ್ನಡದವರನ್ನು ಇಲ್ಲಿ ಕೆಲವರು ಘಾಟಿ, ಅಂದರೆ ಘಟ್ಟದ ಮೇಲಿನವರು, ಅಂತ ದೂರ ಇಡುವುದುಂಟು, ಅದು ನೋವು ಕೊಡುತ್ತದೆ. ಆದರೆ ಹಳೆ ಮನೆಯ ಮಾಲೀಕರ ಬಗ್ಗೆ ಕೇಳುವ ಯಾರನ್ನೇ ಆಗಲಿ ಇಲ್ಲಿ ಅನುಮಾನದಿಂದ ನೋಡಲು ಬೇರೆ ಕಾರಣವೂ ಇದೆ. ವಿದೇಶದಲ್ಲಿರುವವರ ಆಸ್ತಿಯನ್ನು ಸುಳ್ಳು ದಾಖಲೆ ಮಾಡಿ ನುಂಗಿದ ಪ್ರಕರಣಗಳು ಇಲ್ಲಿ ಬಹಳ ಆಗಿವೆ. 2022ರಲ್ಲಿ ಸರ್ಕಾರ ಅದಕ್ಕೇ ವಿಶೇಷ ತನಿಖಾ ತಂಡ ಮಾಡಿತು. ಆದ್ದರಿಂದ ಮೊದಲ ಭೇಟಿಯಲ್ಲಿ ಆಸ್ತಿಯ ಮಾತೇ ಬೇಡ. ಎಷ್ಟು ಎಕರೆ, ಕೇಸು ಇದೆಯಾ, ಮಾರುತ್ತಾರಾ ಅಂತ ಕೇಳಿದಿರೋ, ಮುಗಿಯಿತು. ಮನೆಯ ಹಬ್ಬ ಹೇಗಿರುತ್ತಿತ್ತು, ಪಿಯಾನೊ ಯಾರು ನುಡಿಸುತ್ತಿದ್ದರು, ಬಾವಿಯ ನೀರು ಬೇಸಿಗೆಯಲ್ಲೂ ಇರುತ್ತಿತ್ತಾ, ಇಂಥದ್ದು ಕೇಳಿ. ಇವೇ ಚರಿತ್ರೆಯ ಬಾಗಿಲುಗಳು.

5. ಕಾಗದ: ಒಂದು-ಹದಿನಾಲ್ಕು ನಮೂನೆ

ನಮ್ಮಲ್ಲಿ ಪಹಣಿ ಇದ್ದ ಹಾಗೆ ಗೋವಾದಲ್ಲಿ ಒಂದು ಮತ್ತು ಹದಿನಾಲ್ಕನೇ ನಮೂನೆ ಇದೆ. ಹಳ್ಳಿಯ ಸರ್ವೆ ನಂಬರ್ ಗೊತ್ತಿದ್ದರೆ ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಬಹುದು. ಯಾರ ಹೆಸರಲ್ಲಿದೆ, ಗೇಣಿದಾರರು ಯಾರು ಅಂತ ಬರೆದಿರುತ್ತದೆ. ಪಟ್ಟಣದಲ್ಲಿ ಸಿಟಿ ಸರ್ವೆ ಕಾರ್ಡ್ ಬೇರೆ ಇರುತ್ತದೆ.

ಇದನ್ನು ನೋಡುವುದು ಅನುಮತಿ ಯಾರನ್ನು ಕೇಳಬೇಕು ಅಂತ ತಿಳಿಯಲು ಮಾತ್ರ. ಸತ್ತು ನಲವತ್ತು ವರ್ಷವಾದವರ ಹೆಸರು ಹಾಗೇ ಇರುವುದು ಸಾಮಾನ್ಯ. ಕಾಗದದ ಫೋಟೊ ಯಾರಿಗೂ ಕಳಿಸಬೇಡಿ.

6. ಅನುಮತಿ ಬರಹದಲ್ಲಿ ಪಡೆಯಿರಿ

ಕೀಲಿ ಇಟ್ಟುಕೊಂಡವರು ಹೂಂ ಅಂದರೂ ಮನೆಯವರಲ್ಲಿ ಒಬ್ಬರಾದರೂ ಒಪ್ಪಿದ್ದಾರೆ ಅಂತ ಬರಹದಲ್ಲಿ ಇರಲಿ. ವಾಟ್ಸಾಪ್ ಸಂದೇಶ ಆದರೂ ನಡೆಯುತ್ತದೆ. ಯಾವ ದಿನ, ಎಷ್ಟು ಜನ, ಏನು ಮಾಡುತ್ತೀರಿ, ಫೋಟೊ ಎಲ್ಲಿ ಹಾಕುತ್ತೀರಿ ಅಂತ ನೀವೇ ಬರೆದು ಕಳಿಸಿ. ಪಾಲುದಾರರ ನಡುವೆ ಜಗಳ ನಡೆಯುತ್ತಿದ್ದರೆ ಒಳಗೆ ಹೋಗಲೇಬೇಡಿ. ನಿಮ್ಮ ಫೋಟೊ ನಾಳೆ ಕೋರ್ಟಿನಲ್ಲಿ ಯಾರದೋ ಕೈಗೆ ಕಲ್ಲಾಗುತ್ತದೆ.

ಅನುಮತಿ ಇಲ್ಲದೆ ಒಳಹೋಗುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅದಕ್ಕೇ ಇದೆ. ಬಾಗಿಲು ತೆರೆದೇ ಇತ್ತು ಅನ್ನುವುದು ಉತ್ತರವಲ್ಲ.

ಮನೆಯವರು ಸಿಗಲು ಸರಿಯಾದ ಕಾಲ ಡಿಸೆಂಬರ್ ಮತ್ತು ಮೇ. ಕ್ರಿಸ್‌ಮಸ್‌ಗೆ, ಊರ ಚರ್ಚಿನ ಹಬ್ಬಕ್ಕೆ, ಮೇ ತಿಂಗಳಲ್ಲಿ ಶಿಲುಬೆಯ ಮುಂದೆ ಹಾಡುವ ಲದಾಯಿನ್‌ಗೆ ದೂರದವರೂ ಬರುತ್ತಾರೆ. ಎರಡು ವಾರಕ್ಕೆ ಮನೆ ಗುಡಿಸಿ ದೀಪ ಹಚ್ಚುತ್ತಾರೆ. ಆಗ ಹೋಗಿ ಮಾತಾಡಿಸಿ. ಹಿಂದೂ ಮನೆತನವಾದರೆ ಚೌತಿ ಹಬ್ಬಕ್ಕೆ ಎಲ್ಲರೂ ಸೇರುತ್ತಾರೆ.

7. ಯಾವಾಗ ಹೋಗಬೇಕು, ಏನು ಒಯ್ಯಬೇಕು

ಜನವರಿಯಿಂದ ಮಾರ್ಚ್. ಹುಲ್ಲು ಒಣಗಿರುತ್ತದೆ, ಗೋಡೆ ಒಣಗಿರುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಮಾಡು ಹೋದ ಮನೆಯ ಗೋಡೆ ಯಾವ ಹೊತ್ತಿಗಾದರೂ ಕೂರಬಹುದು.

ಗಟ್ಟಿ ಅಡಿಯ ಬೂಟು, ಉದ್ದ ಪ್ಯಾಂಟು, ಕಟ್ಟಡ ಕೆಲಸದ ಹೆಲ್ಮೆಟ್, ಚರ್ಮದ ಕೈಗವಸು, ಎರಡು ಟಾರ್ಚ್, ಒಳ್ಳೆಯ ಮಾಸ್ಕ್. ಬಾವಲಿ ಹಿಕ್ಕೆಯ ಧೂಳು ಎದೆಗೆ ಒಳ್ಳೆಯದಲ್ಲ, ಬಟ್ಟೆ ಮಾಸ್ಕ್ ಸಾಲದು. ಒಂದು ಉದ್ದ ಬಿದಿರು ಕೋಲು. ಅಳತೆ ಟೇಪು, ಪೆನ್ಸಿಲ್, ಗೆರೆ ಇಲ್ಲದ ನೋಟ್‌ಬುಕ್. ನೀರು. ಒಬ್ಬರೇ ಹೋಗಬೇಡಿ. ಒಬ್ಬರು ಹೊರಗೆ ನಿಲ್ಲಬೇಕು.

ಹಾವಿನ ಬಗ್ಗೆ. ನಾಗರ, ಕೊಳಕುಮಂಡಲ, ಕಟ್ಟುಹಾವು ಮೂರೂ ಇಲ್ಲಿವೆ. ಕೈ ಕಾಣದ ಜಾಗಕ್ಕೆ ಕೈ ಹಾಕಬೇಡಿ, ಬಿದ್ದ ಹೆಂಚಿನ ರಾಶಿ ತುಳಿಯಬೇಡಿ. ಕಚ್ಚಿದರೆ ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ. ಮಡಗಾಂವ್‌ನ ಜಿಲ್ಲಾ ಆಸ್ಪತ್ರೆ ಅಥವಾ ಬಾಂಬೋಳಿಯ ಮೆಡಿಕಲ್ ಕಾಲೇಜು, ಹತ್ತಿರ ಯಾವುದೋ ಅಲ್ಲಿಗೆ.

ಡ್ರೋನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ದಾಬೋಳಿಯಲ್ಲಿ ನೌಕಾಪಡೆಯ ವಿಮಾನ ನೆಲೆ ಇದೆ, ಮೋಪಾದಲ್ಲಿ ಇನ್ನೊಂದು ವಿಮಾನ ನಿಲ್ದಾಣ. ಹಾರಿಸಲೇಬೇಕು ಅಂದರೆ ಸರ್ಕಾರದ ಡ್ರೋನ್ ನಕ್ಷೆ 'ಡಿಜಿಟಲ್ ಸ್ಕೈ' ನೋಡದೆ ಹಾರಿಸಬೇಡಿ.

8. ಮೊದಲು ಹೊರಗೆ ಒಂದು ಸುತ್ತು

ಅಪ್ಪ ಯಾವ ಮನೆಗೆ ಹೋದರೂ ಮೊದಲು ಹೊರಗೆ ಒಂದು ಸುತ್ತು ಹಾಕುತ್ತಿದ್ದರು, ಮಾತಾಡದೆ. ನೀವೂ ಹಾಗೇ ಮಾಡಿ. ಕೋಲಿನಿಂದ ಮುಂದಿನ ನೆಲ ಕುಟ್ಟುತ್ತಾ ನಡೆಯಿರಿ. ಬಳ್ಳಿ ಮುಚ್ಚಿದ ಬಾವಿ ಈ ಕಾಂಪೌಂಡುಗಳಲ್ಲಿ ಇರುವ ದೊಡ್ಡ ಅಪಾಯ.

ಆಮೇಲೆ ತಲೆ ಎತ್ತಿ ಮಾಡಿನ ನೆತ್ತಿ ನೋಡಿ. ನೆತ್ತಿಯ ಗೆರೆ ನೇರ ಇದ್ದರೆ ತೊಲೆ ಇನ್ನೂ ಹಿಡಿದಿದೆ. ನಡುವೆ ಬಾಗಿದ್ದರೆ ಅದರ ಕೆಳಗಿನ ಕೋಣೆಗೆ ಹೋಗಬಾರದು.

ಗೋಡೆ ಬಹುಪಾಲು ಚಿರೆಕಲ್ಲಿನದು, ಘಟ್ಟದ ಕೆಳಗೆ ಎಲ್ಲ ಕಡೆ ಸಿಗುವ ಕೆಂಪು ಜಂಬಿಟ್ಟಿಗೆ. ಹಳೆ ಗೋಡೆಗಳಲ್ಲಿ ಕಲ್ಲಿನ ನಡುವೆ ಎಷ್ಟೋ ಕಡೆ ಬರೀ ಮಣ್ಣು, ಮೇಲೆ ಸುಣ್ಣದ ಗಾರೆ. ಆ ಗಾರೆಯೇ ಗೋಡೆಯ ಕೊಡೆ. ಅದು ಬಿದ್ದ ಮೇಲೆ ಮಳೆ ನೀರು ನಡುವಿನ ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ. ಹೊರಗಿನಿಂದ ಗೋಡೆ ಗಟ್ಟಿ ಕಾಣುತ್ತದೆ, ಒಳಗೆ ಟೊಳ್ಳು. ಹೊಟ್ಟೆ ಬಂದ ಹಾಗೆ ಉಬ್ಬಿದ ಗೋಡೆ ಕಂಡರೆ ಅದರ ಎತ್ತರದಷ್ಟು ದೂರದಲ್ಲೇ ಇರಿ.

ಇನ್ನೊಂದು ಮಾತು. ಹಳೆ ಗೋಡೆಗೆ ಸಿಮೆಂಟ್ ಬಳಿದಿದ್ದರೆ ಅಲ್ಲೇ ಕೊಳೆ ಜಾಸ್ತಿ. ಸುಣ್ಣ ಉಸಿರಾಡುತ್ತದೆ, ಗೋಡೆಯ ತೇವ ಹೊರಗೆ ಬಿಡುತ್ತದೆ. ಸಿಮೆಂಟ್ ತೇವವನ್ನು ಒಳಗೇ ಕೂಡಿಹಾಕುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯಿಂದಲೇ ಹಾಳಾದ ಗೋಡೆಗಳನ್ನು ಎಷ್ಟೋ ನೋಡಿದ್ದೇನೆ, ನಮ್ಮ ಕೈಯಿಂದಲೇ ಆದದ್ದೂ ಅದರಲ್ಲಿದೆ.

9. ಒಳಗೆ

ಬಾಗಿಲು ತೆಗೆದು ಐದು ನಿಮಿಷ ಹೊಸ್ತಿಲಲ್ಲೇ ನಿಲ್ಲಿ. ಗಾಳಿ ಆಡಲಿ, ಕಣ್ಣು ಹೊಂದಲಿ, ಒಳಗಿನ ಜೀವಿಗಳು ಸರಿದುಕೊಳ್ಳಲಿ. ಕಣಜದ ಹುಳುವಿನ ಸದ್ದು ಇದೆಯಾ ಅಂತ ಕಿವಿಗೊಡಿ. ನೆಲಮಹಡಿಯಲ್ಲಿ ಗೋಡೆಯ ಅಂಚಿನಲ್ಲೇ ನಡೆಯಿರಿ. ಮರದ ಮಹಡಿಗೆ ಹತ್ತಬೇಡಿ. ನನ್ನ ತೊಡೆಯ ಮೇಲಿನ ಗುರುತು ಇನ್ನೂ ಇದೆ. ಮಹಡಿಯನ್ನು ಕೆಳಗಿನಿಂದಲೇ ನೋಡಬಹುದು. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗಕ್ಕೆ ಟಾರ್ಚ್ ಬಿಡಿ. ಗೆದ್ದಲು ಹಿಡಿಯುವುದು ಮೊದಲು ಅಲ್ಲೇ.

ಸಾಮಾನ್ಯವಾಗಿ ಎದುರಿಗೆ ದೊಡ್ಡ ಸಾಲ್ ಇರುತ್ತದೆ, ಬಂದವರಿಗೆ ಕುಣಿತ, ಊಟ ನಡೆಯುತ್ತಿದ್ದ ಪಡಸಾಲೆ. ಪಕ್ಕದಲ್ಲಿ ದೇವರ ಕೋಣೆ, ಕೆಲವು ಕಡೆ ಸಣ್ಣ ಚಾಪೆಲ್. ಹಿಂದೂ ಮನೆಯಾದರೆ ನಡುವೆ ತೆರೆದ ಅಂಗಳ, ಅದಕ್ಕೆ ರಾಜಾಂಗಣ ಅನ್ನುತ್ತಾರೆ. ಎಲ್ಲರೂ ಸಾಲ್ ನೋಡಿ ತಿರುಗಿಬಿಡುತ್ತಾರೆ. ನೀವು ಹಿಂದಕ್ಕೆ ಹೋಗಿ. ಅಡುಗೆಮನೆಗೆ, ಒರಳುಕಲ್ಲಿನ ಹತ್ತಿರಕ್ಕೆ, ಕೆಲಸದವರು ಬರುತ್ತಿದ್ದ ಗಿಡ್ಡ ಬಾಗಿಲಿಗೆ. ಆ ಬಾಗಿಲಿನ ಕಲ್ಲು ನಡುವೆ ಸವೆದು ಹಳ್ಳವಾಗಿರುತ್ತದೆ. ಮುಂದಿನ ಬಾಗಿಲಿನ ಕಲ್ಲು ಅಷ್ಟು ಸವೆದಿರುವುದಿಲ್ಲ. ಮನೆಯನ್ನು ಯಾರ ಕಾಲು ನಡೆಸಿತು ಅಂತ ಇದಕ್ಕಿಂತ ಚೆನ್ನಾಗಿ ಯಾವ ಕಾಗದವೂ ಹೇಳುವುದಿಲ್ಲ.

ಏನನ್ನೂ ತೆಗೆದುಕೊಂಡು ಬರಬೇಡಿ. ಒಂದು ಮುರಿದ ಪಿಂಗಾಣಿ ಚೂರನ್ನೂ. ಅದು ಕಳ್ಳತನ, ಅಷ್ಟೇ. ಜೊತೆಗೆ ನೂರು ವರ್ಷ ಮೀರಿದ ಕಲಾವಸ್ತು, 75 ವರ್ಷ ಮೀರಿದ ಬೆಲೆಯುಳ್ಳ ಹಸ್ತಪ್ರತಿಗಳಿಗೆ 1972ರ ಪುರಾತನ ವಸ್ತುಗಳ ಕಾನೂನೂ ಇದೆ.

10. ಮನೆಯ ವಯಸ್ಸು ಓದುವುದು

ನನಗೆ ಅತಿ ಪ್ರೀತಿಯ ಕೆಲಸ ಇದು.

ಮೊದಲು ಹೆಂಚು. ಹಳೆಯ ಮಾಡುಗಳಿಗೆ ಅರ್ಧ ಕೊಳವೆಯಂಥ ನಾಡಹೆಂಚು ಇತ್ತು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಯಿತು. ಆಮೇಲೆ ಚಪ್ಪಟೆಯಾದ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಕರಾವಳಿಯ ಉದ್ದಕ್ಕೂ ಹರಡಿತು. ಬಿದ್ದ ಹೆಂಚಿನ ಹಿಂಭಾಗ ಓದಿ. ಆದರೆ ಹುಷಾರು, ಎಷ್ಟೋ ಹೆಂಚಿನ ಮೇಲೆ 1865 ಅಂತಲೇ ಇರುತ್ತದೆ. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಇದನ್ನು ನೋಡಿ ಮನೆಯೇ 1865ರದು ಅಂದವರನ್ನು ಕಂಡಿದ್ದೇನೆ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಕಾರ್ಖಾನೆ ಜರ್ಮನ್-ಸ್ವಿಸ್ ಮಿಷನ್ ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾಯಿತು. ಹೆಂಚಿನ ಮೇಲೆ ಕಾಮನ್‌ವೆಲ್ತ್ ಅಂತ ಇದ್ದರೆ ಅದು ಯುದ್ಧದ ನಂತರದ್ದು. ಅಷ್ಟಾದರೂ ಹೆಂಚು ಹೇಳುವುದು ಮಾಡಿನ ವಯಸ್ಸು ಮಾತ್ರ. ಅದರ ಕೆಳಗಿನ ಗೋಡೆ ನೂರು ವರ್ಷ ಹಿರಿಯದಿರಬಹುದು.

ಎರಡನೆಯದು ಕಿಟಕಿ. ಗಾಜು ಸುಲಭವಾಗಿ ಸಿಗದ ಕಾಲದಲ್ಲಿ ಚಪ್ಪಟೆಯಾದ ಸಮುದ್ರದ ಸಿಂಪಿ ಚಿಪ್ಪನ್ನು ಚೌಕಾಕಾರಕ್ಕೆ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಬೆಳಕು ಬರುತ್ತದೆ, ಬಿಸಿಲಿನ ಚುರುಕು ಬರುವುದಿಲ್ಲ. ಮಧ್ಯಾಹ್ನ ಅಂಥ ಕೋಣೆಯೊಳಗೆ ಹಾಲಿನ ಬಣ್ಣ ಇರುತ್ತದೆ. ಒಮ್ಮೆ ನೋಡಿದರೆ ಮರೆಯಲಾಗುವುದಿಲ್ಲ. ಒಂದೇ ಮನೆಯಲ್ಲಿ ಮುಂದೆ ಗಾಜು, ಹಿಂದೆ ಚಿಪ್ಪು ಇದ್ದರೆ ಮುಂಭಾಗವನ್ನು ಆಮೇಲೆ ಹೊಸದು ಮಾಡಿರಬಹುದು ಅಂತ ಗುರುತು ಹಾಕಿಕೊಳ್ಳಿ.

ನೆಲ ನೋಡಿ. ಬಣ್ಣದ ಚಿತ್ತಾರದ ಸಿಮೆಂಟ್ ಟೈಲ್ ಇದ್ದು, ಒಂದು ಸಡಿಲವಾಗಿ ಎದ್ದಿದ್ದರೆ ಹಿಂದೆ ಕಂಪನಿ ಹೆಸರು ಓದಿ. ಮುಂಬೈಯ ಭಾರತ್ ಟೈಲ್ಸ್ ಶುರುವಾದದ್ದು 1922ರಲ್ಲಿ. ಆ ಹೆಸರಿದ್ದರೆ ನೆಲ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ನೋಡಿ, ಅಲ್ಲೇ ಇಡಿ. ಗಟ್ಟಿ ಕೂತದ್ದನ್ನು ಎಬ್ಬಿಸಬೇಡಿ.

ಗೋಡೆಯ ದಪ್ಪ ಅಳೆಯಿರಿ. ಒಂದು ಕೋಣೆಯದು ಎರಡೂವರೆ ಅಡಿ, ಪಕ್ಕದ್ದು ಒಂದೂವರೆ ಅಡಿ ಇದ್ದರೆ ಎರಡು ಬೇರೆ ಕಾಲದಲ್ಲಿ ಕಟ್ಟಿದ್ದಿರಬಹುದು. ನೆಲದಲ್ಲಿ ಸುಮ್ನೆ ಒಂದು ಮೆಟ್ಟಿಲು ಬಂದರೆ ಅಲ್ಲಿ ಹಳೆ ಮನೆ ಮುಗಿದು ಹೊಸದು ಶುರುವಾಗಿದೆ. ಬಾಗಿಲಿನ ಮೇಲೆ, ಗೇಟಿನ ಮೇಲೆ, ಚಾಪೆಲ್‌ನ ಪೀಠದ ಮೇಲೆ ಕೆತ್ತಿದ ವರ್ಷ ಹುಡುಕಿ. ಬಾಗಿಲ ಚೌಕಟ್ಟಿನ ಒಳಬದಿಯಲ್ಲಿ ಮಕ್ಕಳ ಎತ್ತರ ಅಳೆದ ಗೆರೆಗಳಿರುತ್ತವೆ. ಕಪಾಟಿನ ಹಲಗೆಗೆ ಹಾಸಿದ ಹಳೆ ಪತ್ರಿಕೆಯ ತಾರೀಖು ಕೂಡ ಒಂದು ಸಾಕ್ಷಿ.

ನಾನು ಇನ್ನೊಂದನ್ನು ಹುಡುಕುತ್ತೇನೆ. ಗಾರೆ ಹಸಿಯಿದ್ದಾಗ ಒತ್ತಿದ ಬೆರಳಿನ ಗುರುತು. ಮೂಲೆಗಳಲ್ಲಿ, ಕರಣೆ ಹೋಗದ ಜಾಗದಲ್ಲಿ ಸಿಗುತ್ತದೆ. ಕೆಲಸದವರ ಹೆಸರು ಎಲ್ಲೂ ಬರೆದಿರುವುದಿಲ್ಲ, ಬೆರಳಾದರೂ ಉಳಿದಿರುತ್ತದೆ. ಅದರ ಫೋಟೊ ತಪ್ಪದೆ ತೆಗೆಯುತ್ತೇನೆ.

11. ಬರೆದಿಡಿ

ಕೈಯಲ್ಲಿ ನಕ್ಷೆ ಬಿಡಿಸಿ. ಕೋಣೆಗೆ ನಂಬರ್ ಕೊಡಿ. ಪ್ರತಿ ಕೋಣೆಗೂ ನಾಲ್ಕು ಮೂಲೆಯಿಂದ ನಾಲ್ಕು ಫೋಟೊ, ಒಂದು ನೆಲದ್ದು, ಒಂದು ಮಾಡಿನದು. ಅಂದವಾದ ಫೋಟೊ ಆಮೇಲೆ. ಫೋನಿನಲ್ಲಿ ಜಾಗದ ಗುರುತು ದಾಖಲಾಗುವುದನ್ನು ಆಫ್ ಮಾಡಿ.

ನೆನಪು ಹೇಳುವವರ ಮಾತನ್ನು ಕೇಳಿಯೇ ರೆಕಾರ್ಡ್ ಮಾಡಿ. ಅವರು ಹೇಳಿದ್ದು, ನೀವು ನೋಡಿದ್ದು, ಕಾಗದದಲ್ಲಿ ಸಿಕ್ಕಿದ್ದು, ಮೂರನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಿರಿ. ಕಲಸಿದರೆ ಆಮೇಲೆ ಬಿಡಿಸಲಾಗುವುದಿಲ್ಲ. ನೆಲಮಾಳಿಗೆಯ ಸುರಂಗ, ಹೂತಿಟ್ಟ ಚಿನ್ನ, ಬಿಳಿ ಸೀರೆಯ ಹೆಂಗಸು, ಇವೆಲ್ಲ ಪ್ರತಿ ಮನೆಗೂ ಇರುವ ಕಥೆ. ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ಆದರೆ ದೆವ್ವದ ಮನೆ ಅಂತ ಎಲ್ಲೂ ಹಾಕಬೇಡಿ. ಆ ಒಂದು ಹೆಸರು ಬಿದ್ದರೆ ರಾತ್ರಿ ಬಾಟಲಿ ಹಿಡಿದು ಹುಡುಗರು ಬರಲು ಶುರು ಮಾಡುತ್ತಾರೆ. ಉಳಿದ ಕಿಟಕಿಗಳೂ ಹೋಗುತ್ತವೆ.

12. ಪಣಜಿಯ ಕಾಗದಗಳು

ಗೋವಾದ ದಾಖಲೆ ಭಂಡಾರ ಭಾರತದಲ್ಲೇ ಬಹಳ ಹಳೆಯದು. 1595ರಲ್ಲಿ ಶುರುವಾದದ್ದು, ಇತಿಹಾಸಕಾರ ದಿಯೊಗು ದು ಕೊತು ಅದರ ಮೊದಲ ಅಧಿಕಾರಿ. ಗುರುತಿನ ಚೀಟಿ ಒಯ್ಯಿರಿ, ಏನು ಹುಡುಕುತ್ತಿದ್ದೀರಿ ಅಂತ ಸ್ಪಷ್ಟವಾಗಿ ಬರೆದುಕೊಂಡು ಹೋಗಿ. ಊರ ಹೆಸರು, ಮನೆತನದ ಹೆಸರು, ಅಂದಾಜು ಕಾಲ, ಈ ಮೂರಿಲ್ಲದೆ ಹೋದರೆ ದಿನ ಹಾಳು.

ಮೊದಲು ಚರ್ಚಿನ ದೀಕ್ಷಾಸ್ನಾನ, ಮದುವೆ, ಸಾವಿನ ಪುಸ್ತಕಗಳು. ಹಳೆಯವು ಎಷ್ಟೋ ಪತ್ರಾಗಾರದಲ್ಲಿವೆ, ಉಳಿದವು ಊರ ಚರ್ಚಿನಲ್ಲೇ. ಪಾದ್ರಿಯವರನ್ನು ಮೊದಲೇ ಕೇಳಿಕೊಳ್ಳಿ. ಆಮೇಲೆ ಸರ್ಕಾರಿ ಗೆಜೆಟ್, 'ಬೊಲೆತಿಂ'. ಇದು 1837ರಲ್ಲಿ ಶುರುವಾದದ್ದು. ಹರಾಜು, ವಾರಸುದಾರರ ಪ್ರಕಟಣೆಗಳಲ್ಲಿ ಮನೆಯ ಹೆಸರು ಸಿಗಬಹುದು. ಪಟ್ಟೋದಲ್ಲಿರುವ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯ 1832ರಲ್ಲಿ ಹುಟ್ಟಿದ್ದು. ಹಳೆ ಪತ್ರಿಕೆಗಳಿಗೆ ಅಲ್ಲಿಗೆ ಹೋಗಿ. ಪರ್ವರಿಯ ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರದ ಗ್ರಂಥಾಲಯವೂ ಒಳ್ಳೆಯದು.

ಎಲ್ಲ ಪೋರ್ಚುಗೀಸ್‌ನಲ್ಲಿ ಅಂತ ಹೆದರಬೇಡಿ. ಅಚ್ಚಾದ ಪುಟಕ್ಕೆ ಫೋನಿನ ಅನುವಾದ ಸಾಕಷ್ಟು ಅರ್ಥ ಕೊಡುತ್ತದೆ. ಕೈಬರಹಕ್ಕೆ ತಿಳಿದವರೇ ಬೇಕು. 'ಕಾಜಾ ದ ಸೊಬ್ರಾದು' ಅಂತ ಕಂಡರೆ ಮಹಡಿ ಮನೆ ಅಂತ ಅರ್ಥ.

ನಮಗೆ ಅಂತಲೇ ಒಂದು ಸಂತೋಷ ಇಲ್ಲಿ ಕಾದಿದೆ. ಪೋರ್ಚುಗೀಸರು ಬಂದದ್ದು 1510ರಲ್ಲಿ. ಅದಕ್ಕೂ ಮುಂಚಿನಿಂದ ಊರಿನ ಲೆಕ್ಕಪತ್ರ ಬರೆಯುತ್ತಿದ್ದ ಲಿಪಿಗೆ ಗೋಯ್ಕಾನಡಿ ಅನ್ನುತ್ತಾರೆ. ಕನ್ನಡ ಲಿಪಿಯ ಬಳಗದ್ದು. ಅವರು ಬಂದ ಮೇಲೂ ಬಹಳ ಕಾಲ ಬಳಕೆಯಲ್ಲಿತ್ತು. ಆ ದಾಖಲೆ ನೋಡಲು ಸಿಕ್ಕರೆ ನೋಡಿ. ಅಕ್ಷರಗಳ ದುಂಡು ಗುರುತು ಸಿಕ್ಕಿದಾಗ ನನ್ನ ಕಣ್ಣು ತುಂಬಿ ಬಂತು.

13. ಮರಳಿ ಕೊಡಿ, ಮತ್ತೆ ಹೋಗಿ

ನಕ್ಷೆಯ ಪ್ರತಿ, ಫೋಟೊಗಳು, ಸಿಕ್ಕ ಕಾಗದದ ವಿವರ, ಎಲ್ಲವನ್ನೂ ಮೊದಲು ಮನೆಯವರಿಗೆ ಕಳಿಸಿ. ಕೀಲಿ ಇಟ್ಟುಕೊಂಡವರಿಗೆ ಒಂದು ಪ್ರಿಂಟ್ ಕೊಡಿ. ಹೊರಗೆ ಏನಾದರೂ ಹಾಕುವ ಮೊದಲು ಅವರು ಓದಬೇಕು. ಊರ ಹೆಸರು ಬೇಡ ಅಂದರೆ ತೆಗೆಯಿರಿ. ನಾನು ತಾಲೂಕಿನ ಹೆಸರಿಗೇ ನಿಲ್ಲಿಸುತ್ತೇನೆ.

ನನ್ನ ಕಾಲು ಮುರಿದ ಹಲಗೆಯೊಳಗೆ ಹೋದ ಆ ಮನೆಗೆ ಈಗ ಪ್ರತಿ ವರ್ಷ ಎರಡು ಸಲ ಹೋಗುತ್ತೇನೆ. ಹಿತ್ತಲ ಗೋಡೆಯಲ್ಲಿ ಒಂದು ಬಿರುಕಿದೆ. ಅದರ ಎರಡೂ ಕಡೆ ಪೆನ್ಸಿಲ್‌ನಿಂದ ಒಂದೊಂದು ಗೆರೆ ಎಳೆದು, ನಡುವಿನ ಅಂತರ ಅಳೆದು, ಪಕ್ಕದಲ್ಲಿ ತಾರೀಖು ಬರೆದಿದ್ದೇನೆ. ಇದನ್ನು ಕಲಿಸಿದ್ದು ಅಪ್ಪ. ಮೇ ಕೊನೆಗೆ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಅಳೆಯಬೇಕು. ಅಂತರ ಬೆಳೆದಿದ್ದರೆ ಮನೆಯವರಿಗೆ ಸಂದೇಶ ಕಳಿಸುತ್ತೇನೆ. ಹೋದ ವರ್ಷ ಮೂರು ಮಿಲಿಮೀಟರ್ ಜಾಸ್ತಿಯಾಗಿತ್ತು. ಲಿಸ್ಬನ್‌ನಲ್ಲಿರುವ ಮೊಮ್ಮಗಳು ದುಡ್ಡು ಕಳಿಸಿದರು, ಆ ಭಾಗದ ಮಾಡಿಗೆ ಹೆಂಚು ಹಾಕಿದ್ದೇವೆ. ಕೀಲಿ ಇನ್ನೂ ಪಕ್ಕದ ಮನೆಯ ಆಂಟಿಯ ಹತ್ತಿರವೇ ಇದೆ. ಕೇಳಿ ತೆಗೆದುಕೊಳ್ಳುತ್ತೇನೆ, ಸಂಜೆ ಕೊಟ್ಟು ಬರುತ್ತೇನೆ.